ಐದು ಕಿಲೋ ಪೊಟ್ಟಣವೋ, ಐವತ್ತು ಕಿಲೋ ಮೂಟೆಯೋ: ಎರೆಗೊಬ್ಬರ ಕೊಳ್ಳುವವರಿಗೆ ಒಂದು ಪರಿಶೀಲನೆ

ತಾರಸಿ ತೋಟಕ್ಕೆ ಎರೆಗೊಬ್ಬರ ಬೇಕೆಂದರೆ ಬೆಂಗಳೂರಿನಲ್ಲಿ ದಾರಿ ನಾಲ್ಕು. ಆನ್‌ಲೈನ್‌ನಲ್ಲಿ ತರಿಸುವ 5 ಕಿಲೋ ಪೊಟ್ಟಣ, ರಸ್ತೆ ಬದಿ ನರ್ಸರಿಯ ಬಿಡಿ ಚೀಲ, ತಯಾರಿಸುವವರ ಹತ್ತಿರವೇ ಹೋಗಿ ತರುವ 50 ಕಿಲೋ ಮೂಟೆ, ಇಲ್ಲವೇ ಮನೆಯಲ್ಲೇ ಇಟ್ಟುಕೊಳ್ಳುವ ಹುಳುವಿನ ಡಬ್ಬಿ. ಎಲ್ಲಕ್ಕೂ ಹೆಸರು ಒಂದೇ, ಒಳಗಿನ ಸರಕು ಮಾತ್ರ ಬೇರೆ ಬೇರೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹತ್ತು ಕುಂಡಕ್ಕಿಂತ ಹೆಚ್ಚಿದ್ದವರಿಗೆ ಪೊಟ್ಟಣ ದುಡ್ಡು ದಂಡ. ನರ್ಸರಿ ಚೀಲವನ್ನು ಪರೀಕ್ಷೆ ಮಾಡದೆ ಮನೆಗೆ ತರಬಾರದು. ಮೂಟೆಗೇ ಮೊದಲ ಸ್ಥಾನ. ಡಬ್ಬಿ ಒಳ್ಳೆಯದೇ, ಆದರೆ ಗೊಬ್ಬರದ ಆಸೆಗೆ ಅದನ್ನು ಕೊಳ್ಳಬೇಡಿ.

ಮೊದಲು ಎಷ್ಟು ಬೇಕು ಅನ್ನುವ ಲೆಕ್ಕ. 12 ಇಂಚು ಅಗಲ, 12 ಇಂಚು ಎತ್ತರದ ಗ್ರೋಬ್ಯಾಗ್‌ನಲ್ಲಿ ಮೇಲೆ ಒಂದೆರಡು ಇಂಚು ಬಿಟ್ಟು ತುಂಬಿದರೆ ಸುಮಾರು 20 ಲೀಟರ್ ಮಿಶ್ರಣ ಹಿಡಿಸುತ್ತದೆ. ಅದರಲ್ಲಿ ಕಾಲು ಭಾಗ ಎರೆಗೊಬ್ಬರ ಎಂದರೆ 5 ಲೀಟರ್, ತೂಕದಲ್ಲಿ ಹತ್ತಿರ ಹತ್ತಿರ 4 ಕಿಲೋ. ಉಳಿದದ್ದು ಕೆಮ್ಮಣ್ಣು ಎರಡು ಪಾಲು, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ. 20 ಗ್ರೋಬ್ಯಾಗ್‌ ಇದ್ದರೆ ಮೊದಲ ಸಲಕ್ಕೆ 80 ಕಿಲೋ ಎರೆಗೊಬ್ಬರ ಬೇಕು. ಆಮೇಲೆ ತಿಂಗಳಿಗೊಮ್ಮೆ ಮೇಲಿನ ಮಣ್ಣನ್ನು ಒಂದಿಂಚು ಕೆದಕಿ ಗಿಡಕ್ಕೆ 100ರಿಂದ 150 ಗ್ರಾಂ ಕೊಟ್ಟರೆ ಸಾಕು. ಅದು ಇಡೀ ತೋಟಕ್ಕೆ 2ರಿಂದ 3 ಕಿಲೋ. ಅಂದರೆ 5 ಕಿಲೋ ಪೊಟ್ಟಣ ತುಂಬಿಸುವುದು ಒಂದೇ ಒಂದು ಗ್ರೋಬ್ಯಾಗನ್ನು. ಈ ಲೆಕ್ಕ ಮಾಡದೆ ಮೂರು ಪೊಟ್ಟಣ ತರಿಸಿಕೊಂಡು, ಅದನ್ನೇ ಇಪ್ಪತ್ತು ಕುಂಡಕ್ಕೆ ಚಿಮುಕಿಸಿ, ‘ಎರೆಗೊಬ್ಬರದಿಂದ ಏನೂ ಉಪಯೋಗ ಆಗಲಿಲ್ಲ’ ಎನ್ನುವವರೇ ಜಾಸ್ತಿ.

ಹಾಗೆಂದು ಹೆಚ್ಚು ಹಾಕಿದಷ್ಟೂ ಒಳ್ಳೆಯದಲ್ಲ. ಮಿಶ್ರಣದ ಅರ್ಧ ಭಾಗ ಎರೆಗೊಬ್ಬರವೇ ಆದರೆ ಅದರ ಸಣ್ಣ ಹರಳುಗಳು ನೀರಿಗೆ ಕರಗಿ ಒತ್ತಾಗಿ ಕೂರುತ್ತವೆ, ಬೇರಿಗೆ ಗಾಳಿ ಸಿಗುವುದಿಲ್ಲ, ಲವಣಾಂಶ ಏರಿ ಎಳೆಯ ಸಸಿಯ ಎಲೆ ಅಂಚು ಸುಡುತ್ತದೆ. ಸಸಿ ಮಡಿಗೆ ಐದರಲ್ಲಿ ಒಂದು ಪಾಲು ಸಾಕು. ಅಡೇನಿಯಂ, ಕಳ್ಳಿ ಜಾತಿಗೆ ಹತ್ತರಲ್ಲಿ ಒಂದು ಪಾಲೇ ಹೆಚ್ಚು.

ಪೊಟ್ಟಣದ ಮೇಲೆ ‘ಸಂಪೂರ್ಣ ಆಹಾರ’ ಎಂದು ಬರೆದಿರುವುದನ್ನು ನಂಬುವ ಮುಂಚೆ ಇನ್ನೊಂದು ಲೆಕ್ಕ ಹಾಕಿ. ಶೇ 1ರಷ್ಟು ಸಾರಜನಕ ಇರುವ 5 ಕಿಲೋ ಎರೆಗೊಬ್ಬರದಲ್ಲಿ ಸಿಗುವುದು 50 ಗ್ರಾಂ ಸಾರಜನಕ. ಅಷ್ಟೇ ಸಾರಜನಕ ಸುಮಾರು 700 ಗ್ರಾಂ ಕಡಲೆಕಾಯಿ ಹಿಂಡಿಯಲ್ಲಿದೆ. ಎರೆಗೊಬ್ಬರ ಕೊಳ್ಳುವುದು ಮಣ್ಣು ಹುಡಿಯಾಗಲಿ, ನೀರು ಹಿಡಿದಿಡಲಿ, ಸೂಕ್ಷ್ಮಜೀವಿಗಳು ಸೇರಲಿ, ಪೋಷಕಾಂಶ ನಿಧಾನವಾಗಿ ಬಿಟ್ಟುಕೊಡಲಿ ಎಂದು. ಹೂಕೋಸು, ಬದನೆ, ಟೊಮೆಟೊದಂಥ ಹೊಟ್ಟೆಬಾಕ ಗಿಡಗಳಿಗೆ ಹಿಂಡಿ ಬೇರೆಯಾಗಿ ಕೊಡಲೇಬೇಕು.

ಸರ್ಕಾರದ ಅಳತೆಗೋಲು ಒಂದಿದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಎರೆಗೊಬ್ಬರಕ್ಕೂ ಗುಣಮಟ್ಟ ನಿಗದಿ ಮಾಡಿದ್ದಾರೆ: ತೇವಾಂಶ ಶೇ 15ರಿಂದ 25, ಸಾವಯವ ಇಂಗಾಲ ಕನಿಷ್ಠ ಶೇ 18, ಸಾರಜನಕ ಕನಿಷ್ಠ ಶೇ 1. ಬಣ್ಣ ಕಡುಕಂದಿನಿಂದ ಕಪ್ಪು, ಕೆಟ್ಟ ವಾಸನೆ ಇರಕೂಡದು, ನೂರಕ್ಕೆ ತೊಂಬತ್ತು ಪಾಲು 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು, ಒಂದು ಘನ ಸೆಂಟಿಮೀಟರ್‌ಗೆ ತೂಕ 0.7ರಿಂದ 0.9 ಗ್ರಾಂ. ನಗರದ ಕಸದಿಂದ ಮಾಡುವ ಕಾಂಪೋಸ್ಟ್‌ಗೆ ಇದಕ್ಕಿಂತ ಸಡಿಲ ಅಳತೆ: ಇಂಗಾಲ ಶೇ 12, ಸಾರಜನಕ ಶೇ 0.8. ಅಗ್ಗದ ಚೀಲದ ಮೇಲೆ ‘ಸಾವಯವ ಗೊಬ್ಬರ’ ಎಂದಷ್ಟೇ ಇದ್ದರೆ ಅದು ಇವೆರಡರಲ್ಲಿ ಯಾವುದು ಎಂದು ಕೇಳಿ. ಎರಡೂ ಗೊಬ್ಬರವೇ, ಬೆಲೆ ಮಾತ್ರ ಒಂದೇ ಇರಬಾರದು.

ಇಂಗಾಲ, ಸಾರಜನಕ ಅಳೆಯಲು ಪ್ರಯೋಗಾಲಯ ಬೇಕು. ತೂಕ ಅಳೆಯಲು ಅಡುಗೆಮನೆ ತಕ್ಕಡಿ ಸಾಕು, ಮೋಸ ಹಿಡಿಯಲು ಅದೇ ಬಹುಪಾಲು ಸಾಕಾಗುತ್ತದೆ. ಒಂದು ಲೀಟರ್ ಅಳತೆಯ ಮಗ್ಗಿಗೆ ಗೊಬ್ಬರ ಸಡಿಲವಾಗಿ ತುಂಬಿ, ನೆಲಕ್ಕೆ ಎರಡು ಸಲ ಕುಟ್ಟಿ, ಮೇಲೆ ಸಮ ಮಾಡಿ ತೂಗಿ. 700ರಿಂದ 900 ಗ್ರಾಂ ಬಂದರೆ ಸರಿ. ಕಿಲೋ ದಾಟಿದರೆ ಮಣ್ಣೋ ಮರಳೋ ಸೇರಿದೆ, ಇಲ್ಲವೇ ನೀರು ಕುಡಿಸಿದ್ದಾರೆ. 500 ಗ್ರಾಂಗಿಂತ ಕೆಳಗಿದ್ದರೆ ಕೋಕೋಪೀಟ್ ಬೆರೆಸಿದ್ದಾರೆ ಅಥವಾ ಅರೆಕೊಳೆತ ಎಲೆ ಪುಡಿ ಮಾಡಿ ತುಂಬಿದ್ದಾರೆ.

ನೀರೋ ಮಣ್ಣೋ ಎಂದು ತಿಳಿಯಲು ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿ ಮಾಡಿ. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದ ಕೂಡಲೇ ಉದುರಬೇಕು. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ತೂಕದಲ್ಲಿ ಅರ್ಧಕ್ಕರ್ಧ ನೀರೇ ಇರಬಹುದು. ಉಂಡೆಯೇ ಕಟ್ಟದೆ ಧೂಳಾಗಿ ಹಾರಿದರೆ ಬಿಸಿಲಿನಲ್ಲಿ ಒಣಗಿಸಿದ್ದು. ಹೀಗೆ ಒಣಗಿದ ಹರಳು ಮತ್ತೆ ನೀರು ಹೀರಿಕೊಳ್ಳಲು ಹಟ ಮಾಡುತ್ತದೆ, ಕುಂಡದ ಮೇಲೆ ಹಾಕಿ ನೀರು ಹಾಕಿದರೆ ತೇಲಿಕೊಂಡು ಅಂಚಿಗೆ ಹೋಗುತ್ತದೆ.

ಆಮೇಲೆ ಗಾಜಿನ ಲೋಟ. ಮುಕ್ಕಾಲು ನೀರು, ಎರಡು ಚಮಚ ಗೊಬ್ಬರ, ಚೆನ್ನಾಗಿ ಕದಡಿ ಹತ್ತು ನಿಮಿಷ ಬಿಡಿ. ಮರಳಿದ್ದರೆ ಕದಡುವುದು ನಿಲ್ಲಿಸಿದ ಕ್ಷಣವೇ ತಳದಲ್ಲಿ ತಿಳಿ ಬಣ್ಣದ ಪಟ್ಟಿಯಾಗಿ ಕೂರುತ್ತದೆ, ಚಮಚ ಆಡಿಸಿದರೆ ಕರಕರ ಸದ್ದು ಬರುತ್ತದೆ. ಕೆಮ್ಮಣ್ಣಿದ್ದರೆ ನೀರು ಕೆಂಪಾಗಿ ಕದಡಿಕೊಂಡೇ ಇರುತ್ತದೆ. ಕೋಕೋಪೀಟ್ ನಾರು ಮೇಲೆ ತೇಲುತ್ತದೆ. ಅಸಲಿ ಎರೆಗೊಬ್ಬರದ ಹರಳು ನಿಧಾನವಾಗಿ ಬಿಚ್ಚಿಕೊಂಡು ಕೆಳಗಿಳಿದು, ನೀರು ತಿಳಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಬಣ್ಣವೊಂದನ್ನೇ ನೋಡಿ ಗುಣ ಅಳೆಯಬೇಡಿ. ಮಂಡ್ಯ ಕಡೆ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್‌ನಿಂದ (ಕಬ್ಬಿನ ರಸ ಸೋಸಿದಾಗ ಉಳಿಯುವ ಗಸಿ) ಮಾಡಿದ್ದು ಕಪ್ಪಗಿರುತ್ತದೆ, ಸಗಣಿ ಮತ್ತು ತರಗೆಲೆಯಿಂದ ಮಾಡಿದ್ದು ಕಂದು. ಎರಡೂ ಒಳ್ಳೆಯವೇ.

ಮಾಗಿದೆಯೋ ಇಲ್ಲವೋ ಎಂಬುದೇ ಎಲ್ಲಕ್ಕಿಂತ ಮುಖ್ಯ, ಅಂಗಡಿಯಲ್ಲಿ ನಿಂತು ಅದನ್ನು ತಿಳಿಯಲಾಗದು. ಮಾದರಿಗೆಂದು ಅರ್ಧ ಕಿಲೋ ತನ್ನಿ. ಒಂದು ಹಿಡಿಯನ್ನು ಸ್ವಲ್ಪ ಒದ್ದೆ ಮಾಡಿ ಜಿಪ್ ಕವರಿನಲ್ಲಿ ಗಾಳಿಯಾಡದಂತೆ ಮುಚ್ಚಿ ಮೂರು ದಿನ ನೆರಳಲ್ಲಿಡಿ. ತೆರೆದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಮಾಗಿದೆ. ಅಮೋನಿಯಾದ ಘಾಟು ಅಥವಾ ಹುಳಿ ನಾತ ಬಂದರೆ ಒಳಗೆ ಇನ್ನೂ ಕೊಳೆಯುವ ಕೆಲಸ ನಡೆಯುತ್ತಿದೆ. ಅಂಥದ್ದನ್ನು ಕುಂಡಕ್ಕೆ ಹಾಕಿದರೆ ಕೊಳೆಯುವಾಗ ಬೇರಿನ ಹತ್ತಿರದ ಆಮ್ಲಜನಕ, ಸಾರಜನಕ ಎರಡನ್ನೂ ಅದೇ ಎಳೆದುಕೊಳ್ಳುತ್ತದೆ, ಗಿಡ ಹಳದಿಗೆ ತಿರುಗುತ್ತದೆ. ಜೊತೆಗೆ ಇಪ್ಪತ್ತು ಸಾಸಿವೆ ಕಾಳನ್ನು ಒಂದು ಪಾಲು ಗೊಬ್ಬರ, ಮೂರು ಪಾಲು ಕೋಕೋಪೀಟ್‌ನಲ್ಲಿಯೂ, ಇನ್ನಿಪ್ಪತ್ತನ್ನು ಬರೀ ಕೋಕೋಪೀಟ್‌ನಲ್ಲಿಯೂ ಬಿತ್ತಿ. ನಾಲ್ಕೈದು ದಿನದಲ್ಲಿ ಎರಡರಲ್ಲೂ ಮೊಳಕೆ ಸರಿಸಮ ಬರಬೇಕು. ಗೊಬ್ಬರ ಹಾಕಿದ್ದರಲ್ಲಿ ಮೊಳಕೆ ಕಡಿಮೆಯಾದರೆ, ಬೇರಿನ ತುದಿ ಕಂದಾದರೆ, ಆ ಮೂಟೆಯನ್ನು ಮುಟ್ಟಬೇಡಿ.

ಈಗ ಒಂದೊಂದಾಗಿ.

ಆನ್‌ಲೈನ್ ಪೊಟ್ಟಣದ ಗುಣ ಸಾಮಾನ್ಯವಾಗಿ ಕೆಟ್ಟದ್ದಲ್ಲ. ಜರಡಿ ಹಿಡಿದಿರುತ್ತಾರೆ, ಕಲ್ಲು ಕಡ್ಡಿ ಇರುವುದಿಲ್ಲ. ತೊಂದರೆ ಎರಡು. ಬಿಗಿಯಾಗಿ ಸೀಲ್ ಮಾಡಿದ ಪ್ಲಾಸ್ಟಿಕ್ ಒಳಗೆ ತೇವ ಹೆಚ್ಚಿದ್ದರೆ ಗೋದಾಮಿನಲ್ಲಿ ಕೂತಷ್ಟೂ ಉಸಿರುಕಟ್ಟಿ ನಾತ ಹಿಡಿಯುತ್ತದೆ. ಸಣ್ಣ ಗಾಳಿ ತೂತು ಇರುವ ಪೊಟ್ಟಣವೇ ಮೇಲು. ಸೀಲ್ ಪೊಟ್ಟಣ ಬಂದರೆ ಬಿಚ್ಚಿ ನೆರಳಲ್ಲಿ ಎರಡು ದಿನ ಹರಡಿ. ಎರಡನೆಯದು ಬೆಲೆ. ತಯಾರಕರ ಹತ್ತಿರ ಕಿಲೋಗೆ ಸುಮಾರು 8ರಿಂದ 12 ರೂಪಾಯಿಗೆ ಸಿಗುವ ಸರಕು ಪೊಟ್ಟಣವಾಗಿ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಮೂರು ನಾಲ್ಕು ಪಟ್ಟಾಗಿರುತ್ತದೆ. ನೀವು ಕೊಡುವುದು ಗೊಬ್ಬರಕ್ಕಲ್ಲ, ಕೊರಿಯರ್‌ಗೆ. ಬಾಲ್ಕನಿಯಲ್ಲಿ ನಾಲ್ಕು ಕುಂಡ ಇರುವವರಿಗೆ ಮಾತ್ರ ಇದು ಸರಿ. ಕೊಳ್ಳುವಾಗ ತಯಾರಿಕೆ ದಿನಾಂಕ ನೋಡಿ. ಕೆಲವರು ಕಿಲೋ ಬದಲು ಲೀಟರ್‌ನಲ್ಲಿ ಬರೆದಿರುತ್ತಾರೆ, 5 ಲೀಟರ್ ಅಂದರೆ 4 ಕಿಲೋ ಎಂಬುದು ನೆನಪಿರಲಿ.

ನರ್ಸರಿ ಚೀಲದಲ್ಲಿ ಅದೃಷ್ಟದ್ದೇ ಆಟ. ಬೆಲೆ ಚೀಲಕ್ಕೆ ಇಷ್ಟು ಎಂದಿರುತ್ತದೆ, ತೂಕ ಯಾರೂ ಹೇಳುವುದಿಲ್ಲ. ಚೀಲ ಬಯಲಲ್ಲಿ ಮಳೆಗೆ ನೆನೆದು ತಳದಲ್ಲಿ ಕಪ್ಪು ನೀರು ಹರಿದಿದ್ದರೆ, ನೀರಲ್ಲಿ ಕರಗುವ ಪೋಷಕಾಂಶ ಆಗಲೇ ರಸ್ತೆ ಸೇರಿದೆ. ಇಲ್ಲಿ ಹೆಚ್ಚಾಗಿ ಸಿಗುವುದು ಒಣಸಗಣಿ ಪುಡಿಗೆ ಕೆಮ್ಮಣ್ಣು ಬೆರೆಸಿದ್ದು. ಅದು ಎರೆಗೊಬ್ಬರ ಅಲ್ಲ, ಕೊಟ್ಟಿಗೆ ಗೊಬ್ಬರದ ಬೆಲೆ ಕೊಡುವುದಾದರೆ ತರಬಹುದು. ಕೈ ಹಾಕಿ ಕೆಳಗಿನಿಂದ ಒಂದು ಹಿಡಿ ತೆಗೆಯಿರಿ, ಮೇಲಿನದು ತೋರಿಕೆಗೆ ಇಟ್ಟದ್ದು. ‘ಸಿ’ ಆಕಾರದಲ್ಲಿ ಸುತ್ತಿಕೊಂಡ, ಕಂದು ತಲೆಯ ದಪ್ಪ ಬಿಳಿ ಗೊಣ್ಣೆಹುಳು ಕಂಡರೆ ಆ ಚೀಲ ಬೇಡ. ಅವುಗಳಲ್ಲಿ ಕೆಲವು ಬರೀ ಕೊಳೆತದ್ದನ್ನು ತಿನ್ನುತ್ತವೆ, ಕೆಲವು ಬೇರನ್ನೇ ತಿನ್ನುತ್ತವೆ, ಕಣ್ಣಳತೆಯಲ್ಲಿ ಗುರುತಿಸುವುದು ಕಷ್ಟ. ಈಗಾಗಲೇ ತಂದಾಗಿದ್ದರೆ ಜರಡಿ ಹಿಡಿದು ಆರಿಸಿ ತೆಗೆಯಿರಿ, ಕೋಳಿ ಸಾಕಿದವರಿದ್ದರೆ ಖುಷಿಯಿಂದ ತೆಗೆದುಕೊಂಡು ಹೋಗುತ್ತಾರೆ.

ಇದಕ್ಕೆ ಎದುರಾಗಿ, ಚೀಲದೊಳಗೆ ನಿಂಬೆ ಆಕಾರದ, ಸಾಸಿವೆಗಿಂತ ಸ್ವಲ್ಪ ದೊಡ್ಡ, ಹೊಂಬಣ್ಣದ ಕಾಳುಗಳು ಕಂಡರೆ ಅವು ಎರೆಹುಳುವಿನ ಮೊಟ್ಟೆಕೋಶ. ಗೊಬ್ಬರ ನಿಜಕ್ಕೂ ಹುಳುವಿನ ಮಡಿಯಿಂದ ಬಂದದ್ದು, ಸುಡುಬಿಸಿಲಲ್ಲಿ ಒಣಗಿಸಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಜೀವಂತ ಹುಳು ಸಿಕ್ಕಿತೆಂದು ಮಾತ್ರ ಹಿಗ್ಗಬೇಡಿ. ಗೊಬ್ಬರ ಮಾಡುವ ಜಾತಿಗಳು ಕೊಳೆಯುವ ಕಸದ ಮೇಲ್ಪದರದಲ್ಲಿ ಬದುಕುವಂಥವು, ಬರೀ ಮಣ್ಣಿನ ಕುಂಡದಲ್ಲಿ ತಿನ್ನಲು ಸಿಗದೆ ಸಾಯುತ್ತವೆ.

ತಯಾರಕರಿಂದ ತರುವ ಮೂಟೆಗೆ ಪ್ರಯಾಣದ ಖರ್ಚು ಸೇರಿಸಿದರೂ ಲೆಕ್ಕ ಗೆಲ್ಲುತ್ತದೆ. ಕಿಲೋಗೆ 10 ರೂಪಾಯಿಯಂತೆ 80 ಕಿಲೋಗೆ 800 ರೂಪಾಯಿ. ಅದನ್ನೇ ಪೊಟ್ಟಣದಲ್ಲಿ ಕಿಲೋಗೆ 40 ಕೊಟ್ಟರೆ 3,200. ಅಪಾರ್ಟ್‌ಮೆಂಟ್‌ನಲ್ಲಿ ನಾಲ್ಕು ಮನೆಯವರು ಸೇರಿ ಒಂದು ಗೂಡ್ಸ್ ಆಟೋ ಮಾಡಿದರೆ ಬಾಡಿಗೆ ಹೊರೆ ಆಗುವುದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ರಾಮನಗರ, ಕನಕಪುರ ಕಡೆಯ ರೈತರು 12 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಎತ್ತರದ ಪ್ಲಾಸ್ಟಿಕ್ ಹಾಳೆಯ ತೊಟ್ಟಿಗಳಲ್ಲಿ ಮಾಡುತ್ತಾರೆ. ಅವರ ಪರಿಚಯ ಮಾಡಿಕೊಳ್ಳಲು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಕೃಷಿ ಮೇಳ ಒಳ್ಳೆಯ ಜಾಗ, ಲಾಲ್‌ಬಾಗ್‌ನ ಜನವರಿ ಮತ್ತು ಆಗಸ್ಟ್ ಫಲಪುಷ್ಪ ಪ್ರದರ್ಶನದ ಮಳಿಗೆಗಳೂ ಆಗಬಹುದು. ಅಂದಹಾಗೆ ರಾಜ್ಯದಲ್ಲಿ ಎರೆಗೊಬ್ಬರ ರೈತರ ಮನೆಮಾತಾಗುವುದರಲ್ಲಿ ಜಿಕೆವಿಕೆಯ ವಿಜ್ಞಾನಿ ಡಾ. ರಾಧಾ ಕಾಳೆ ಅವರ ಸಂಶೋಧನೆಯ ಪಾಲು ದೊಡ್ಡದು. ತಯಾರಕರನ್ನು ಎರಡೇ ಪ್ರಶ್ನೆ ಕೇಳಿ: ಏನು ಹಾಕಿ ಮಾಡುತ್ತೀರಿ, ಕೊಯ್ಲಿಗೆ ಎಷ್ಟು ದಿನ ಮುಂಚೆ ನೀರು ನಿಲ್ಲಿಸುತ್ತೀರಿ. ಸಗಣಿ, ತರಗೆಲೆ, ರೇಷ್ಮೆ ಮನೆಯ ಕಸ, ಅಡಿಕೆ ಸಿಪ್ಪೆ ಎಂದು ತೊಟ್ಟಿ ತೋರಿಸಿ ಹೇಳುವವರು, ನೀರು ನಿಲ್ಲಿಸಿ ನಾಲ್ಕೈದು ದಿನ ಬಿಟ್ಟು ಕೆರೆಯುತ್ತೇವೆ ಎನ್ನುವವರು ಬಲ್ಲವರು. ‘ಇವತ್ತು ಬೇಕಾ, ಇವತ್ತೇ ತೆಗೆದು ಕೊಡ್ತೀನಿ’ ಎಂದರೆ ನೀರು ತೂಗಿ ಕೊಡುತ್ತಾರೆ. ಮೂಟೆಯನ್ನು ಮನೆಯಲ್ಲಿ ನೇಯ್ದ ಚೀಲದಲ್ಲೇ, ಇಟ್ಟಿಗೆ ಮೇಲೆ, ನೆರಳಲ್ಲಿಟ್ಟು ಆರು ತಿಂಗಳೊಳಗೆ ಬಳಸಿ. ಮೇಲ್ಭಾಗ ಒಣಗಿದ ಹಾಗೆ ಕಂಡರೆ ನೀರು ಚಿಮುಕಿಸಿ. ಮಳೆಗಾಲದಲ್ಲಿ ತಂದ ಮೂಟೆ ಯಾವಾಗಲೂ ಭಾರ, ಜನವರಿಯಿಂದ ಮಾರ್ಚ್ ಒಳಗೆ ಕೊಂಡರೆ ಅದೇ ದುಡ್ಡಿಗೆ ಗೊಬ್ಬರ ಹೆಚ್ಚು.

ಇನ್ನು ಡಬ್ಬಿ. ಒಂದರ ಮೇಲೊಂದು ಕೂರುವ ಮೂರು ನಾಲ್ಕು ಪ್ಲಾಸ್ಟಿಕ್ ತಟ್ಟೆ, ತಳದಲ್ಲಿ ನೀರು ಇಳಿಯುವ ತೊಟ್ಟಿ, ಅದಕ್ಕೊಂದು ನಲ್ಲಿ. ಮಾರುವವರು ‘ನಿಮ್ಮ ಮನೆ ಹಸಿಕಸವೆಲ್ಲ ಇದಕ್ಕೆ’ ಎನ್ನುತ್ತಾರೆ. ಆಗದ ಮಾತು. ಅರ್ಧ ಕಿಲೋ ಹುಳು ದಿನಕ್ಕೆ ಹೆಚ್ಚೆಂದರೆ 250 ಗ್ರಾಂ ಕಸ ತಿಂದಾವು, ಅದೂ ಹೊಂದಿಕೊಂಡ ಮೇಲೆ. ಮೊದಲ ಎರಡು ವಾರ 100 ಗ್ರಾಂ ದಾಟಬಾರದು. ತರಕಾರಿ ಹೆಚ್ಚು ಬಳಸುವ ನಾಲ್ವರ ಮನೆಯಲ್ಲಿ ಅದರ ಮೂರು ನಾಲ್ಕು ಪಟ್ಟು ಕಸ ಬರುತ್ತದೆ. ಹೆಚ್ಚಾದದ್ದನ್ನು ತುರುಕಿದಾಗ ಏನಾಗುತ್ತದೆ ಎಂದು ಡಬ್ಬಿಯ ಕೈಪಿಡಿಯಲ್ಲಿ ಬರೆದಿರುವುದಿಲ್ಲ: ರಾಶಿ ಬಿಸಿಯಾಗುತ್ತದೆ, ಹುಳಿ ಬರುತ್ತದೆ, ಹುಳುಗಳು ಗುಂಪಾಗಿ ಮುಚ್ಚಳದ ಅಂಚಿಗೆ ಹತ್ತುತ್ತವೆ. ಉಳಿದ ಅನ್ನ, ಹಿಟ್ಟು, ಬೇಳೆಯ ಮುಸುರೆ ಹಾಕಿದರಂತೂ ಹುಳುವಿನ ಮೈ ಮಣಿ ಪೋಣಿಸಿದಂತೆ ಅಲ್ಲಲ್ಲಿ ಗಂಟುಗಂಟಾಗಿ ಉಬ್ಬಿ, ನಡುವೆ ಕಿರಿದಾಗಿ, ಎರಡು ದಿನದಲ್ಲಿ ಸಾಯುತ್ತವೆ. ಹುದುಗುವ ಪ್ರೋಟೀನ್ ಹೆಚ್ಚಾದದ್ದರ ಗುರುತು ಅದು. ಕೂಡಲೇ ಆ ಜಾಗದ ಕಸ ತೆಗೆದು, ಒಣ ಕಾಗದ ಹರಿದು ಹಾಕಿ, ಒಂದು ಹಿಡಿ ಮೊಟ್ಟೆಚಿಪ್ಪಿನ ಪುಡಿ ಉದುರಿಸಿ, ಒಂದು ವಾರ ಊಟ ನಿಲ್ಲಿಸಿ.

ಆದ್ದರಿಂದ ಹುಳುವಿಗೆ ಹಸಿಕಸ ನೇರವಾಗಿ ಕೊಡದೆ, ಬೇರೊಂದು ಪಾತ್ರೆಯಲ್ಲಿ 15ರಿಂದ 20 ದಿನ ಅರೆಕೊಳೆಸಿ ಕೊಡುವುದೇ ಸರಿಯಾದ ಕ್ರಮ. 2006ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಮನೆಯಲ್ಲೇ ಕಾಂಪೋಸ್ಟ್ ಮಾಡುವ ಪಾತ್ರೆ ಮಾರುವ ಡೈಲಿ ಡಂಪ್‌ ಸಂಸ್ಥೆಯವರ ಮಣ್ಣಿನ ಕಂಬದಂಥ ಮಡಕೆ ಇದಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಹುಳು ಬೇಕಿಲ್ಲ, ಗಾಳಿ ಮತ್ತು ಕಸದ ಮೇಲೆ ಉದುರಿಸುವ ಒಣಪುಡಿಯ ಬಲದಲ್ಲಿ ಕೊಳೆಯುತ್ತದೆ. ಹಾಗಾಗಿ ಅದರಿಂದ ಬರುವುದು ಕಾಂಪೋಸ್ಟ್, ಎರೆಗೊಬ್ಬರ ಅಲ್ಲ. ಕೆಲವರು ಇದನ್ನೇ ಹುಳುವಿನ ಡಬ್ಬಿ ಎಂದು ತಿಳಿದು ಮೊದಲ ದಿನವೇ ಹುಳು ಬಿಟ್ಟು ಬೇಯಿಸಿಬಿಡುತ್ತಾರೆ.

ಡಬ್ಬಿ ಹೂಡುವುದು ಹೀಗೆ. ತಳದ ತಟ್ಟೆಯಲ್ಲಿ ಹರಿದ ರಟ್ಟು ಹಾಸಿ, ಮೇಲೆ ನಾಲ್ಕು ಇಂಚು ತೊಳೆದ ಕೋಕೋಪೀಟ್ ಮತ್ತು ತರಗೆಲೆ, ಅದರ ಮೇಲೆ ಎರಡು ಇಂಚು ಹಳೆ ಸಗಣಿ. ಸಗಣಿ ಹತ್ತು ಹದಿನೈದು ದಿನ ಆರಿದ್ದೇ ಆಗಬೇಕು, ಹಸಿಸಗಣಿ ಬಿಸಿಯಾಗಿ ಹುಳು ಸಾಯುತ್ತದೆ. ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ತೇವ ಇರಲಿ. ಅರ್ಧ ಕಿಲೋ ಹುಳು ಮೇಲೆ ಬಿಟ್ಟು ಒದ್ದೆ ಗೋಣಿ ತಾಟು ಹೊದಿಸಿ. ಊಟವನ್ನು ಒಂದು ಮೂಲೆಯಲ್ಲಿ ಹೂತು ಮುಚ್ಚಿ, ಅದು ಮುಗಿದ ಮೇಲೆ ಮುಂದಿನ ಮೂಲೆ. ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸು, ನಿಂಬೆ ಕಿತ್ತಳೆ ಸಿಪ್ಪೆ, ಬೇವಿನ ಸೊಪ್ಪು, ಉಪ್ಪು ಎಣ್ಣೆ ಬೆರೆತದ್ದು ಬೇಡ. ಡಬ್ಬಿಯ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಕೆಂಜಿಗ ಹತ್ತುವುದಿಲ್ಲ. ಇರುವೆ ಒಳಗೇ ಗೂಡು ಕಟ್ಟಿದ್ದರೆ ಮಡಿ ಒಣಗಿದೆ ಎಂದರ್ಥ, ಮೊದಲು ನೀರು ಹಾಕಿ.

ಈ ಡಬ್ಬಿಗಳ ದೊಡ್ಡ ದೋಷ ವಿನ್ಯಾಸದಲ್ಲೇ ಇದೆ. ಕೆಳಗಿನ ತಟ್ಟೆಯ ಗೊಬ್ಬರ ಕುಸಿದಂತೆ ಮೇಲಿನ ತಟ್ಟೆಗೂ ಅದಕ್ಕೂ ನಡುವೆ ಒಂದೆರಡು ಇಂಚು ಖಾಲಿ ಜಾಗ ಉಳಿಯುತ್ತದೆ, ಹುಳು ಆ ಗಾಳಿಯನ್ನು ದಾಟಿ ಮೇಲೆ ಬರುವುದಿಲ್ಲ. ಕೆಳಗಿನ ತಟ್ಟೆಯನ್ನು ಅಂಚಿನವರೆಗೆ ತುಂಬಿಸಿ, ಮೇಲಿನ ತಟ್ಟೆಯ ತಳ ಗೊಬ್ಬರವನ್ನು ಮುಟ್ಟುವಂತೆ ಇಟ್ಟರೆ ಮಾತ್ರ ಹತ್ತುತ್ತವೆ. ತಟ್ಟೆಯ ತೂತು 5–6 ಮಿಲಿಮೀಟರ್ ಇರಬೇಕು. ನಲ್ಲಿ ಮಸಿಯಂಥ ಗಸಿಯಿಂದ ಪದೇ ಪದೇ ಕಟ್ಟಿಕೊಳ್ಳುತ್ತದೆ, ಒಳಬಾಯಿಗೆ ತೆಂಗಿನ ನಾರಿನ ಉಂಡೆ ಇಟ್ಟರೆ ಸರಿಹೋಗುತ್ತದೆ. ಮೊದಲ ಕೊಯ್ಲಿಗೆ 45ರಿಂದ 60 ದಿನ ಬೇಕು. ತಟ್ಟೆಯನ್ನು ಬೆಳಕಿರುವ ಕಡೆ ಗೋಪುರ ಮಾಡಿ ಸುರಿದರೆ ಹುಳು ತಳಕ್ಕಿಳಿಯುತ್ತವೆ, ಮೇಲಿನಿಂದ ಪದರ ಪದರವಾಗಿ ಕೆರೆದುಕೊಳ್ಳಿ. ಅದರಲ್ಲಿ ತೇವ ಶೇ 60ರ ಮೇಲಿರುತ್ತದೆ, ನೆರಳಲ್ಲಿ ನಾಲ್ಕು ದಿನ ಆರಿಸಿ ಬಳಸಿ.

ಹುಳು ಯಾವುದು ಎಂಬುದು ಊರಿನ ಮೇಲೆ. ನಮ್ಮಲ್ಲಿ ಮಾರುವುದು ಹೆಚ್ಚಾಗಿ ಯೂಡ್ರಿಲಸ್ ಯೂಜೀನಿಯೆ, ಐಸೇನಿಯ ಫೆಟಿಡಾ ಎಂಬ ಎರಡು ಜಾತಿ. ಮೊದಲನೆಯದು ಉದ್ದ, ಚುರುಕಾಗಿ ತಿನ್ನುತ್ತದೆ, ಆದರೆ ಚಳಿ ಮತ್ತು ಕೈಯಾಡಿಸುವುದನ್ನು ಸಹಿಸದು. ಎರಡನೆಯದು ಚಿಕ್ಕದು, ಕೆಂಪು, ಗಟ್ಟಿ ಜೀವ, ಹೊಸಬರಿಗೆ ಅದೇ ಒಳ್ಳೆಯದು. 20ರಿಂದ 30 ಡಿಗ್ರಿ ಎರಡಕ್ಕೂ ಹಿತ, 35 ದಾಟಿದರೆ ಎರಡಕ್ಕೂ ಕಂಟಕ. ಹಾಗಾಗಿ ಏಪ್ರಿಲ್ ತಾರಸಿ ಬೆಂಗಳೂರಿನಲ್ಲೂ ಬೇಡ. ಕಲಬುರಗಿ, ರಾಯಚೂರು ಕಡೆಯವರು ಪ್ಲಾಸ್ಟಿಕ್ ಡಬ್ಬಿ ಕೊಳ್ಳಲೇಬೇಡಿ. ಬಾಯಗಲದ ಮಣ್ಣಿನ ಪಾತ್ರೆಗೆ ತಳದಲ್ಲಿ ತೂತು ಹಾಕಿ, ಹೊರಗಿನಿಂದ ಒದ್ದೆ ಗೋಣಿ ಸುತ್ತಿ ಮನೆಯ ಉತ್ತರ ಭಾಗದಲ್ಲಿಡಿ. ಕರಾವಳಿಯಲ್ಲಿ ತೊಂದರೆ ಉಲ್ಟಾ. ಮಳೆಗಾಲದಲ್ಲಿ ನೀರು ಹಾಕುವುದನ್ನು ನಿಲ್ಲಿಸಿ, ಒಣರಟ್ಟು ಹೆಚ್ಚಿಸಿ.

ಬಾಟಲಿಯಲ್ಲಿ ಮಾರುವ ವರ್ಮಿವಾಶ್‌ಗೆ, ಅಂದರೆ ಎರೆಹುಳುವಿನ ಮಡಿಯ ಮೂಲಕ ನೀರು ಹಾಯಿಸಿ ಬಸಿದ ದ್ರವಕ್ಕೆ, ದುಡ್ಡು ಕೊಡುವುದು ಬೇಡ. ತಿಂಗಳುಗಟ್ಟಲೆ ಮುಚ್ಚಿಟ್ಟ ಆ ದ್ರವ ತೆರೆದಾಗ ಚರಂಡಿ ನಾತ ಬರುವುದೇ ಹೆಚ್ಚು. ಡಬ್ಬಿಯ ನಲ್ಲಿಯಲ್ಲಿ ಇಳಿದದ್ದೂ ವರ್ಮಿವಾಶ್ ಅಲ್ಲ, ಕಸದ ಬಸಿನೀರು. ಹತ್ತು ಪಾಲು ನೀರು ಬೆರೆಸಿ ಹೂವಿನ ಗಿಡದ ಬುಡಕ್ಕೆ ಹಾಕಿ, ಸೊಪ್ಪಿನ ಮೇಲೆ ಸಿಂಪಡಿಸಬೇಡಿ. ಹುಳು ಕೊಳ್ಳುವಾಗ ಎಣಿಕೆಯಲ್ಲಲ್ಲ, ತೂಕದಲ್ಲಿ ಕೊಳ್ಳಿ. ಹಾಸು ಬಿಟ್ಟು ಹುಳುವೇ ಎಷ್ಟು ಎಂದು ಕೇಳಿ, ಮುಟ್ಟಿದರೆ ಸರಕ್ಕನೆ ಹೊರಳಬೇಕು, ಕುತ್ತಿಗೆ ಹತ್ತಿರ ಪಟ್ಟಿ ಎದ್ದು ಕಾಣುವ ದೊಡ್ಡವು ಅರ್ಧದಷ್ಟಾದರೂ ಇರಬೇಕು. ಅವೇ ಮೊಟ್ಟೆ ಇಡುವಂಥವು.